ಹಿಂಬರಹ

ಬೀಳಗಿ ತಹಶೀಲ್ದಾರ ಕಚೇರಿ ಟಪಾಲು ಕಿಟಕಿಯೊಳಗ
ಹನ್ನೊಂದು ವರ್ಷದಿಂದ ಕುಂತಾಂವ ನಾನು.
ಬಂದ ಕಾಗದಕ್ಕ ನಂಬರು, ಹೋದ ಕಾಗದಕ್ಕ ನಂಬರು,
ನಡುವ ಏನಾತು ಅಂತ ಕೇಳೂದು
ನನ್ನ ಟೇಬಲ್ಲಿನ ಕೆಲಸಲ್ಲ.

ಈ ಸಲ ನಮಗ ಪ್ರಶಸ್ತಿ ಬಂತು.
ಜಿಲ್ಲಾಕ್ಕಽ ಉತ್ತಮ ಕಚೇರಿ.
ಒಂದು ಅರ್ಜಿನೂ ಇಪ್ಪತ್ತೊಂದು ದಿನ ದಾಟಿಲ್ಲ,
ಬಾಕಿ ಸೊನ್ನಿ.
ಸೊನ್ನಿ ಹೆಂಗ ಮಾಡಬೇಕಂತ
ಯಾರೂ ಕಲಿಸಿರಲಿಲ್ಲ, ನಾವಽ ಕಲತ್ವಿ:
ಇಪ್ಪತ್ತನೇ ದಿನ ಮಧ್ಯಾಹ್ನ
ಚಹಾ ಬರೂದರೊಳಗ
"ದಾಖಲೆ ಕೊರತೆ. ಹಿಂಬರಹ ನೀಡಿದೆ. ವಿಲೇವಾರಿ."
ಕಾಗದ ಹೊರಳಿಸಿ ಬೆನ್ನ ಮ್ಯಾಲ ಬರದ್ರ
ಮಾರಿ ನೋಡೂ ಪ್ರಸಂಗ ಬರೂದಿಲ್ಲ.

ಗದಿಗೆವ್ವನ ಕಾಗದ ಹಿಂಗ ಏಳು ಸಲ ಹೊರಳ್ಯಾವು.
ಉತಾರದಾಗ ಆಕಿ ಗದಿಗೆಪ್ಪ ಆಗ್ಯಾಳ.
ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಸೂವಾಗ
ಯಾವನೋ ಹುಡುಗ, ತಾಸಿಗೆ ಇಷ್ಟು ಸಾಲು ಅಂತ ಪಗಾರ ಇದ್ದಾಂವ,
ವ್ವ ಒತ್ತೂ ಕಡೆ ಪ್ಪ ಒತ್ಯಾನ.
ಅವ್ವ ಕೊಟ್ಟ ಎರಡು ಗುಂಟೆ ಜಾಗಾ,
ಅದರಾಗ ರೊಟ್ಟಿ ಬಡಿಯೂ ಶೆಡ್ಡು,
ಮೂರು ಒಲಿ, ಐದು ಮಂದಿ ಹೆಣಮಕ್ಕಳು,
ಎಲ್ಲಾ, ಹುಟ್ಟದಽ ಇದ್ದ ಒಬ್ಬ ಗಂಡಸಿನ ಹೆಸರಿನ್ಯಾಗ.

"ಗದಿಗೆಪ್ಪ ಅಂದ್ರ ನಿಮ್ಮ ಗಂಡನೇನು?" ಅಂತ ಕೇಳಿದ್ದ
ಹೊಸಾ ಗ್ರಾಮಲೆಕ್ಕಿಗ.
"ಅಲ್ರಿ, ನಾನಽ" ಅಂದಿದ್ಲು.
ಅದಕ್ಕೂ ಪುರಾವೆ ಬೇಡಿದ್ವಿ.

ಪರಿಶೀಲನಾ ತಂಡ ಬಂದ ದಿನ
ಗ್ವಾಡಿಗೆ ಸುಣ್ಣ, ಕುಡಿಯೂ ನೀರಿಗೆ ಹೊಸಾ ಕ್ಯಾನು,
ಅಂಗವಿಕಲರ ಇಳಿಜಾರಿಗೆ ಹಳದಿ ಪಟ್ಟಿ,
ಅದರ ತುದಿಗೆ ಅವರದಽ ಜೀಪು.
ಊಟಕ್ಕ ಖಾನಾವಳಿಯಿಂದ ಎಣಗಾಯಿ, ಶೇಂಗಾ ಹಿಂಡಿ,
ಹಾಳಿಯಷ್ಟು ತೆಳ್ಳನ ರೊಟ್ಟಿ.
ಅಧ್ಯಕ್ಷರು ನಾಕು ತಿಂದ್ರು.
ಅಭಿಪ್ರಾಯ ಪುಸ್ತಕದಾಗ ಕಡೀ ಸಾಲು ಅವರದು:
"ಅತ್ಯುತ್ತಮ ಗುಣಮಟ್ಟ."
ರೊಟ್ಟಿಗೋ ರಜಿಸ್ಟರಿಗೋ, ಬರದಿಲ್ಲ.
ಯಾರು ಬಡದ ರೊಟ್ಟಿ ಅನ್ನೂದು ನನಗ ಗೊತ್ತಿತ್ತು.
ಟಪಾಲಿನಾಂವ, ಸುಮ್ಮನಿದ್ದೆ.

ರಾತ್ರಿ ಮಲಗೂ ಮುಂದ ಲೆಕ್ಕಾ ಹಾಕಿದೆ.
ಒಂದಽ ಅಕ್ಷರಕ್ಕ ಏಳು ಅರ್ಜಿ, ಏಳೂ ವಿಲೇವಾರಿ.
ಮೊದಲನೇ ಸಲಕ್ಕಽ ಕೆಲಸಾ ಮಾಡಿಕೊಟ್ಟಿದ್ರ
ನಮ್ಮ ಅಂಕಿಯೊಳಗ ಆರು ಕಮ್ಮಿ ಬೀಳತಿದ್ವು ನೋಡ್ರಿ.

ಫಲಕ ಬಂತು. ಹಿತ್ತಾಳಿ, ಸುತ್ತ ಸಾಗವಾನಿ ಕಟ್ಟು.
ನಮ್ಮ ಸಾಹೇಬ್ರ ಹೆಸರು ಶಿವಯೋಗಿ ಮಮದಾಪುರ.
ಕೆತ್ತಿದಾಂವ ಶಿವಭೋಗಿ ಅಂತ ಕೆತ್ತಿದ್ದ.
ಹನ್ನೊಂದಕ್ಕ ಜೀಪು ಹೊಂಟಿತು,
ಅನಗವಾಡಿ ಸೇತುವಿ ದಾಟಿ ಬಾಗಲಕೋಟಿಗೆ.
ನಾಕೂವರಿಗೆ ತಿರುಗಿ ಬಂತು.
ಭೋ ಕೆರದು ಯೋ ಕೆತ್ತಿದ್ರು.
ಬೆರಳಾಡಿಸಿದ್ರ ಅಲ್ಲೊಂದು ಸಣ್ಣ ತಗ್ಗು, ಅಷ್ಟಽ.
ಅರ್ಜಿ ಇಲ್ಲ, ನಂಬರಿಲ್ಲ,
ಶಿವಯೋಗಿ ಅನ್ನಾಂವ ತಾನಽ ಅನ್ನೂದಕ್ಕ
ಸಾಹೇಬ್ರು ಯಾವ ಪುರಾವೆನೂ ಕೊಡಲಿಲ್ಲ.

ಮರುದಿನ ಗದಿಗೆವ್ವ ಬಂದ್ಲು, ಎಂಟನೇ ಅರ್ಜಿ.
ಮೊಣಕೈಗೆ ಇನ್ನೂ ಹಿಟ್ಟು.
ಫಲಕದ ಮುಂದ ನಿಂತು
ಅದರಾಗ ಮಾರಿ ನೋಡಿ ಕುಂಕುಮ ಸರಿ ಮಾಡಿಕೊಂಡ್ಲು.
"ಲಗೂ ಲಗೂ ಕೆಲಸಾ ಮಾಡ್ತೀರಂತ ಕೊಟ್ಟಾರಂತಲ್ಲ, ಚಲೋ ಆತು"
ಅಂದ್ಲು. ಅಣಕೋ ಖರೇನೋ ತಿಳೀಲಿಲ್ಲ.
ಜವಾನ ರಾಜೇಸಾಬ ತಡೀಲಾರದ
ಭೋಗಿ ಯೋಗಿ ಆದ ಕತಿ ಹೇಳಿಬಿಟ್ಟ.

ನಗ್ತಾಳ ಅಂತ ನೋಡಿದೆ.
ನಗಲಿಲ್ಲ. ಕಿಟಕಿಗೆ ಬಗ್ಗಿ,
ಪರಊರಾಗ ದಾರಿ ಕೇಳೂ ಹಂಗ, ಮರ್ಯಾದಿಯಿಂದ ಕೇಳಿದ್ಲು:
"ಅಕ್ಷರ ತಿದ್ದೂ ಆ ಮನಶ್ಯಾನ ಅಂಗಡಿ
ಬಾಗಲಕೋಟ್ಯಾಗ ಎಲ್ಲಿ ಬರ್ತೈತ್ರೀ?"

ನಂಬರು ಹಾಕಿದೆ. ತಾರೀಕು ಹಾಕಿದೆ.
ಹೆಸರಿನ ತುದಿಗೆ ವ್ವ ಬರಿಯೂವಾಗ
ಪೆನ್ನು ಒತ್ತಿ ಬರದೆ,
ಕೆಳಗಿನ ನಾಕು ಹಾಳಿಗೂ ಮೂಡೂ ಹಂಗ.
ಇಪ್ಪತ್ತನೇ ದಿನ
ಬುಧವಾರ ಬರ್ತೈತಿ.